ಅಮ್ಮನ ಬೀಡಿ, ಅಕ್ಕನ ಎಂಟನೇ ತರಗತಿ: ಮನೆಯ ಕಷ್ಟವನ್ನು ಕಥೆಯಾಗಿಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ದಕ್ಷಿಣ ಕನ್ನಡದ ಒಳಭಾಗದ ಹಳ್ಳಿ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. 1995ರ ಹೊತ್ತಿಗೆ ಅವರ ಮನಿಯಾರ್ಡರು ಬರುವುದು ನಿಂತಿತು. ಅಮ್ಮ ಬೀಡಿ ಕಟ್ಟಿ ನಮ್ಮ ಮೂವರನ್ನೂ ಸಾಕಿದರು. ಅಕ್ಕ ಎಂಟಕ್ಕೆ ಶಾಲೆ ಬಿಟ್ಟಳು. ಅಣ್ಣ ಮತ್ತು ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದೆವು. ಇದನ್ನು ಕಥೆ ಮಾಡಲು ಮೂರು ಸಲ ಕೂತಿದ್ದೇನೆ. ಓದಿದ ಗೆಳತಿಯರು ‘ಕಣ್ಣಲ್ಲಿ ನೀರು ಬಂತು’ ಎನ್ನುತ್ತಾರೆ. ಆದರೆ ಕಳಿಸಿದ ಕಡೆಯಿಂದೆಲ್ಲ ವಾಪಸು ಬಂದಿದೆ. ‘ಮನೆಯ ವಿಷಯ ಬೀದಿಗೆ ತರಬೇಡ’ ಎಂದು ಅಣ್ಣನಿಗೆ ಸಿಟ್ಟು ಬೇರೆ. ಕಥೆ ಬರೆಯಲೇ, ಅನುಭವಕಥನ ಬರೆಯಲೇ? ಎಲ್ಲಿಂದ ಶುರುಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಅಮ್ಮನ ಬಗ್ಗೆ ಇದೆ, ಅಪ್ಪನ ಬಗ್ಗೆ ಇದೆ, ಅಣ್ಣನ ಸಿಟ್ಟೂ ಇದೆ. ಇವೆಲ್ಲದರ ನಡುವೆ ನಾಲ್ಕೇ ಪದದಲ್ಲಿ ನೀವು ದಾಟಿಹೋದ ಸಂಗತಿ ಒಂದಿದೆ: ‘ಅಕ್ಕ ಎಂಟಕ್ಕೆ ಶಾಲೆ ಬಿಟ್ಟಳು.’ ಬಿಟ್ಟಳೋ, ಬಿಡಿಸಿದರೋ? ಯಾವ ತಿಂಗಳು? ಆ ದಿನ ಮನೆಯಲ್ಲಿ ಯಾರು ಏನು ಮಾತಾಡಿದರು? ನಿಮ್ಮ ಕಥೆ ಇರುವುದು ಅಲ್ಲಿ. ಮೂರು ಸಲ ಬರೆದರೂ ಕೈಗೆ ಹತ್ತದಿರುವುದಕ್ಕೆ ನಿಮ್ಮ ಭಾಷೆ ಕಾರಣವಲ್ಲ. ಅಮ್ಮನ ಗಟ್ಟಿತನವನ್ನು ಹೊಗಳಲು ಕೂತು, ಆ ಗಟ್ಟಿತನಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳುವುದನ್ನು ಬಿಟ್ಟಿದ್ದೀರಿ.

ಬಡತನದ ಮನೆಯ ಕಥೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು ಇದು. ಧೈರ್ಯ, ಸಹನೆ, ಛಲ ಇವನ್ನೆಲ್ಲ ತಾಯಿಯ ಸ್ವಭಾವ ಎಂಬಂತೆ ಬರೆದುಬಿಡುತ್ತೇವೆ. ಸ್ವಭಾವದಿಂದ ಕಥೆ ಹುಟ್ಟುವುದಿಲ್ಲ, ತೀರ್ಮಾನದಿಂದ ಹುಟ್ಟುತ್ತದೆ. ಈ ವಾರ ಅಕ್ಕಿ ತರುವುದೋ ಫೀಸು ಕಟ್ಟುವುದೋ, ಸರ ಅಡವಿಡುವುದೋ ಹಸು ಮಾರುವುದೋ, ಓದಿಸುವುದು ಯಾರನ್ನು, ಮನೆಯಲ್ಲಿ ಕೂರಿಸುವುದು ಯಾರನ್ನು? ಕಷ್ಟ ದಾಟಿದ ಮನೆ ಎಂದರೆ ಇಂಥ ನೂರಾರು ತೀರ್ಮಾನ ತೆಗೆದುಕೊಂಡ ಮನೆ. ಪ್ರತಿಯೊಂದರಲ್ಲೂ ಒಬ್ಬರಿಗೆ ಸಿಕ್ಕಿದೆ, ಇನ್ನೊಬ್ಬರಿಗೆ ತಪ್ಪಿದೆ. ಅದನ್ನು ತೋರಿಸಿದರೆ ನಿಮ್ಮ ಅಮ್ಮ ಸಣ್ಣವರಾಗುವುದಿಲ್ಲ. ದೇವರ ಪಟದಿಂದ ಇಳಿದು ಮನುಷ್ಯರಾಗುತ್ತಾರೆ, ಅಷ್ಟೆ.

ನಿಮ್ಮ ಮೂರು ಕರಡುಗಳನ್ನು ಹರಿಯಬೇಡಿ. ಅವು ಬೇರೆ ಕೆಲಸಕ್ಕೆ ಬಂದಿವೆ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮ್ಮ ಬದುಕಿನ ಅತಿ ನೋವಿನ ಘಟನೆಯ ಬಗ್ಗೆ, ಇನ್ನು ಕೆಲವರು ಸಾಮಾನ್ಯ ವಿಷಯದ ಬಗ್ಗೆ. ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆಸ್ಪತ್ರೆಗೆ ಹೋದದ್ದು ಕಡಿಮೆ. ಗಮನಿಸಬೇಕಾದ್ದು, ಆ ಬರಹವನ್ನು ಓದುಗರಿಗೆಂದು ಬರೆದಿರಲಿಲ್ಲ. ನಿಮ್ಮ ಮೂರು ಕರಡುಗಳೂ ಆ ಜಾತಿಯವು. ಅವು ನಿಮ್ಮ ಎದೆ ಹಗುರಮಾಡಲು ಹುಟ್ಟಿದವು, ಪತ್ರಿಕೆಗೆ ಹೋಗಬೇಕಾದವಲ್ಲ. ಒಂದು ಕವರಿನಲ್ಲಿ ಹಾಕಿಡಿ, ಮುಂದೆ ಮಾಹಿತಿಗೆ ಬೇಕಾಗುತ್ತವೆ. ಹೊಸ ಕರಡನ್ನು ಅವುಗಳನ್ನು ನೋಡದೆ ಬರೆಯಿರಿ.

ಕಥೆಯೋ ಅನುಭವಕಥನವೋ ಎಂದು ಕೇಳಿದ್ದೀರಿ. ಒಂದೇ ಬದುಕು ಎರಡಕ್ಕೂ ಒದಗಬಲ್ಲದು. ಎಸ್.ಎಲ್. ಭೈರಪ್ಪನವರು ‘ಗೃಹಭಂಗ’ವನ್ನು 1970ರಲ್ಲಿ ಕಾದಂಬರಿಯಾಗಿ ಕೊಟ್ಟರು, ಆತ್ಮಕಥೆ ‘ಭಿತ್ತಿ’ ಬಂದದ್ದು 1996ರಲ್ಲಿ. ಅನುಭವಕಥನದಲ್ಲಿ ಓದುಗರಿಗೆ ನೀವು ಕೊಡುವ ಮಾತು ‘ಇದು ನಡೆದದ್ದು’ ಎಂಬುದು. ಆಮೇಲೆ ಒಂದು ವರ್ಷವನ್ನೂ ಒಬ್ಬ ಮನುಷ್ಯನನ್ನೂ ಬದಲಿಸುವ ಸ್ವಾತಂತ್ರ್ಯ ನಿಮಗಿಲ್ಲ. ಅಕ್ಕ ಬದುಕಿದ್ದಾರೆ, ಅಣ್ಣನಿಗೆ ಒಪ್ಪಿಗೆಯಿಲ್ಲ, ಅಪ್ಪ ಏಕೆ ಹಣ ನಿಲ್ಲಿಸಿದರು ಎಂಬುದು ನಿಮ್ಮ ಪತ್ರದಲ್ಲೇ ಸ್ಪಷ್ಟವಿಲ್ಲ. ಹೀಗಿರುವಾಗ ಈಗ ಕಥೆಯೇ ಸರಿ. ಎಲ್ಲರ ಮಾತೂ ಕೇಳಿ, ಕಾಗದಪತ್ರ ಕೂಡಿಸಿ, ಹತ್ತು ವರ್ಷ ಬಿಟ್ಟು ಅನುಭವಕಥನ ಬರೆದರೂ ತಡವಾಗುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲ ವಾರ ಒಂದು ವಾಕ್ಯವನ್ನೂ ಕಥೆಯಾಗಿ ಬರೆಯಬೇಡಿ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ದಿನಕ್ಕೆ 20 ನಿಮಿಷ, ಏಳು ದಿನ, ವಸ್ತುಗಳನ್ನು ಬರೆಯಿರಿ. ಭಾವನೆ ಬೇಡ, ವಸ್ತು ಮಾತ್ರ. ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ಪಡೆಯುವ ಬೀಡಿ ಬ್ರಾಂಚಿನ ಪಾಸ್‌ಬುಕ್ಕು, ಎಲೆ ಕತ್ತರಿಸುವ ಕತ್ತರಿ, ಅಳತೆಯ ತಗಡು, ನೂಲಿನ ಉಂಡೆ, ತೊಡೆಯ ಮೇಲಿಡುವ ಮೊರದಂಥ ತಡ್ಪೆ, ಸೊಸೈಟಿಯ ಅಡವಿನ ಚೀಟಿ, ಅಂಗಡಿಯ ಸಾಲದ ಪುಸ್ತಕ. ಪ್ರತಿಯೊಂದರ ಎದುರು ಮೂರು ವಿಷಯ ಇರಲಿ: ಮನೆಯಲ್ಲಿ ಅದರ ಜಾಗ ಯಾವುದು, ಅದನ್ನು ಮುಟ್ಟಲು ಯಾರಿಗೆ ಅನುಮತಿ ಇತ್ತು, ಅದು ಕೆಟ್ಟಾಗ ಅಥವಾ ಕಳೆದಾಗ ಏನಾಯಿತು. ಮೂರನೆಯದರಲ್ಲೇ ಹೆಚ್ಚಿನ ಕಥೆಗಳು ಅಡಗಿರುತ್ತವೆ. ಕತ್ತರಿ ಮೊಂಡಾದರೆ ಎಲೆಯ ಅಂಚು ಹರಿಯುತ್ತದೆ, ಅಂಚು ಹರಿದರೆ ಬೀಡಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಬೀಡಿ ಬ್ರಾಂಚಿನವರ ಚೆಕ್ಕಿಂಗಿನಲ್ಲಿ ಹೊರಗೆ ಬೀಳುತ್ತದೆ. ಕತ್ತರಿ ಸಾಣೆ ಹಿಡಿಸಲು ದುಡ್ಡಿಲ್ಲದ ಒಂದು ವಾರ ಸಾಕು, ಕಥೆ ಶುರುವಾಗಲು.

ಮನಿಯಾರ್ಡರ್ ಫಾರಂ ನೆನಪಿದೆಯೇ? ಹಣ ತೆಗೆದುಕೊಂಡ ಮೇಲೆ ಕೈಗೆ ಬರುವ ತುಂಡಿನಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ ಇರುತ್ತಿತ್ತು. ಅಪ್ಪ ಅಲ್ಲಿ ಏನು ಬರೆಯುತ್ತಿದ್ದರು? ‘ಎಲ್ಲರೂ ಕ್ಷೇಮ’ ಎಂದೇ? ಮಕ್ಕಳ ಹೆಸರು ಇರುತ್ತಿತ್ತೇ? ಅಮ್ಮ ಆ ತುಂಡುಗಳನ್ನು ಕೂಡಿಟ್ಟಿದ್ದರೇ, ಒಲೆಗೆ ಹಾಕುತ್ತಿದ್ದರೇ? ಕೊನೆಯ ತುಂಡು ಮನೆಯಲ್ಲಿ ಇನ್ನೂ ಇದ್ದರೆ, ಅಪ್ಪನ ಬಗ್ಗೆ ನೀವು ಬರೆದ ಎರಡು ಪುಟದ ದೂರಿಗಿಂತ ಆ ನಾಲ್ಕು ಸಾಲು ಹೆಚ್ಚು ಹೇಳುತ್ತವೆ.

ಎರಡನೆಯ ವಾರ ಅಮ್ಮನ ಹತ್ತಿರ ಕೂರಿ. ‘ಆಗ ಎಷ್ಟು ಕಷ್ಟಪಟ್ಟಿರಲ್ಲ ಅಮ್ಮ’ ಎಂದು ಶುರುಮಾಡಿದರೆ ‘ಅದೆಲ್ಲ ಈಗ ಯಾಕೆ’ ಎಂಬ ಉತ್ತರವೋ, ಹತ್ತಾರು ಸಲ ಹೇಳಿ ನಯವಾದ ಅದೇ ಹಳೆಯ ಕಥೆಯೋ ಸಿಗುತ್ತದೆ. ಕೆಲಸದ ಬಗ್ಗೆ ಕೇಳಿ. ಎಲೆಯನ್ನು ಎಷ್ಟು ಹೊತ್ತು ನೀರಿನಲ್ಲಿ ನೆನೆಹಾಕುತ್ತಿದ್ದಿರಿ? ಮಳೆಗಾಲದಲ್ಲಿ ಎಲೆಗೆ ಬೂಷ್ಟು ಹಿಡಿದರೆ? ಬ್ರಾಂಚಿನವರು ಕೊಟ್ಟ ಎಲೆ ಸಾವಿರ ಬೀಡಿಗೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಎಲ್ಲಿ ತರುತ್ತಿದ್ದಿರಿ? ಒಂದು ಕಟ್ಟಿನಲ್ಲಿ 25 ಬೀಡಿ ಎಂದು ಎಣಿಸುತ್ತಿದ್ದವರು ಯಾರು? ಕೆಲಸದ ಪ್ರಶ್ನೆಗೆ ಕೈ ಉತ್ತರ ಕೊಡುತ್ತದೆ. ಬೀಡಿ ಬಿಟ್ಟು ಇಪ್ಪತ್ತು ವರ್ಷವಾದರೂ ಹೇಳುವಾಗ ಬೆರಳು ಸುರುಳಿ ಸುತ್ತಲು ಶುರುಮಾಡುತ್ತದೆ. ಕೈ ಓಡಿದಾಗ ಬಾಯಿಯೂ ಬಿಚ್ಚುತ್ತದೆ. ಅವರು ಸೊಪ್ಪು ಸೋಸುವಾಗಲೋ ಹೂ ಕಟ್ಟುವಾಗಲೋ ಕೇಳಿ, ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಬೇಡ. ನಲವತ್ತು ನಿಮಿಷಕ್ಕೆ ನಿಲ್ಲಿಸಿ. ಫೋನಿನಲ್ಲಿ ಧ್ವನಿ ಹಿಡಿಯುವುದಾದರೆ ಮೊದಲೇ ಹೇಳಿ, ಒಪ್ಪಿದರೆ ಮಾತ್ರ. ಮಾತು ಎಲ್ಲಿ ನಿಂತಿತು, ಯಾವ ಪ್ರಶ್ನೆಗೆ ಎದ್ದು ಒಳಗೆ ಹೋದರು ಎಂಬುದನ್ನು ಅದೇ ರಾತ್ರಿ ಬರೆದಿಡಿ. ರೆಕಾರ್ಡಿನಲ್ಲಿ ಅದು ಸಿಗುವುದಿಲ್ಲ.

ಅಕ್ಕ, ಅಣ್ಣ, ಅಮ್ಮ ಮೂವರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಬೇರೆಬೇರೆ ಕೇಳಿದಾಗ ಹೊಂದಾಣಿಕೆ ಇಲ್ಲದ ಉತ್ತರ ಬಂದರೆ ಅದು ಲಾಭವೇ. ಅಮ್ಮ ‘ಅವಳಿಗೇ ಓದು ಹತ್ತಲಿಲ್ಲ’ ಎಂದು, ಅಕ್ಕ ‘ನಾನು ಕ್ಲಾಸಿಗೆ ಎರಡನೆಯವಳಾಗಿದ್ದೆ’ ಎಂದು ಹೇಳಿದರೆ ಯಾರದ್ದು ಸತ್ಯ ಎಂದು ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಎರಡನ್ನೂ ಕಥೆಯಲ್ಲಿ ಅಕ್ಕಪಕ್ಕ ಇಡಿ. ಓದುಗರು ಅಲ್ಲಿ ತಾವಾಗಿ ನಿಲ್ಲುತ್ತಾರೆ.

ಇನ್ನು ಕಥೆಯ ಅಳತೆ. ನಿಮ್ಮ ಕರಡುಗಳು 1995ರಿಂದ ಕೆಲಸ ಸಿಗುವವರೆಗಿನ ಹತ್ತು ಹನ್ನೆರಡು ವರ್ಷವನ್ನು ಹಿಡಿಯಲು ಹೋಗಿರಬೇಕು. ಎರಡೂವರೆ ಸಾವಿರ ಪದದಲ್ಲಿ ಅಷ್ಟು ವರ್ಷ ಹಿಡಿಸುವುದಿಲ್ಲ. ಹಿಡಿಸಲು ಹೋದರೆ ಪ್ರತಿ ಪ್ಯಾರಾವೂ ಸಾರಾಂಶವಾಗುತ್ತದೆ, ಸಾರಾಂಶದಲ್ಲಿ ಉಳಿಯುವುದು ಗೋಳು ಮಾತ್ರ. ನಾಲ್ಕೈದು ದಿನ ಆರಿಸಿಕೊಳ್ಳಿ. ಅದಕ್ಕೊಂದು ಗಡುವು ಇರಲಿ, ಒಂದು ಬೇಡಿಕೆ ಇರಲಿ. ಉದಾಹರಣೆಗೆ ಅಣ್ಣನ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಫೀಸು ಕಟ್ಟಲು ಸೋಮವಾರ ಕೊನೆಯ ದಿನ.

ಇಲ್ಲಿ ಹಣವನ್ನು ರೂಪಾಯಿಯಲ್ಲಿ ಹೇಳಬೇಡಿ, ಬೀಡಿಯಲ್ಲಿ ಹೇಳಿ. ಆ ಮನೆಯಲ್ಲಿ ನಾಣ್ಯವೇ ಅದು. ಲೆಕ್ಕ ಹೀಗೆ ಹಾಕಿ: ಫೀಸಿಗೆ ನಾಲ್ಕು ಸಾವಿರ ಬೀಡಿಯ ಮಜೂರಿ ಬೇಕು ಎಂದಿಟ್ಟುಕೊಳ್ಳಿ. ಅಡುಗೆ, ನೀರು, ಹಸು ನೋಡಿಕೊಂಡು ಅಮ್ಮ ದಿನಕ್ಕೆ ಕಟ್ಟುವುದು 800. ಅಂದರೆ ಐದು ದಿನದ ಕೆಲಸ. ಉಳಿದಿರುವುದು ಮೂರು ದಿನ. ಮೂರು ದಿನಕ್ಕೆ 2,400 ಆಗುತ್ತದೆ, 1,600 ಕಡಿಮೆ ಬೀಳುತ್ತದೆ. ಅದನ್ನು ಬೇರೊಬ್ಬರು ದಿನಕ್ಕೆ 530ರ ಮೇಲೆ ಕಟ್ಟಿ ತುಂಬಬೇಕು. ಗಂಟೆಗೆ ನೂರು ಕಟ್ಟುವ ಹುಡುಗಿಗೆ ಅದು ಐದು ಗಂಟೆಗೂ ಮೀರಿದ ಕೆಲಸ. ಶಾಲೆಯಿಂದ ಬಂದು ಕೂತರೆ ರಾತ್ರಿ ಹತ್ತು ದಾಟುತ್ತದೆ. ಇದರಲ್ಲಿ ವಾರದ ಅಕ್ಕಿಯ ದುಡ್ಡು ಇನ್ನೂ ಸೇರಿಲ್ಲ. ಹೆಚ್ಚಿನ ಬೀಡಿಗೆ ಹೆಚ್ಚಿನ ಎಲೆ ಬೇಕಲ್ಲ, ಅದು ಬ್ರಾಂಚಿನಲ್ಲಿ ಯಾರ ಕಾರ್ಡಿನ ಲೆಕ್ಕಕ್ಕೆ ಬಂತು? ಪಕ್ಕದ ಮನೆಯವರ ಕಾರ್ಡಿನಲ್ಲಿ ತಂದರೆ ಅವರಿಗೆ ಯಾವ ಋಣ? ನೋಡಿ, ‘ಬಡತನ’ ಎಂಬ ಪದ ಒಂದು ಸಲವೂ ಬಂದಿಲ್ಲ, ಆದರೂ ಕುತ್ತಿಗೆ ಹಿಡಿಯುವ ಪರಿಸ್ಥಿತಿ ಎದುರು ನಿಂತಿದೆ. ಅಕ್ಕ ಒಂದು ದಿನ ಶಾಲೆ ತಪ್ಪಿಸುತ್ತಾಳೆ, ಮರುದಿನವೂ ತಪ್ಪಿಸುತ್ತಾಳೆ. ಲೆಕ್ಕ ಸರಿಹೋಗುತ್ತದೆ. ಸರಿಹೋಯಿತು ಎಂಬುದೇ ಅವಳಿಗೆ ಮುಳುವಾಗುತ್ತದೆ, ಏಕೆಂದರೆ ಮುಂದಿನ ಸಲವೂ ಅದೇ ದಾರಿ ಎಲ್ಲರಿಗೂ ಕಾಣುತ್ತದೆ.

ನಿಮ್ಮ ಮನೆಯ ನಿಜವಾದ ಅಂಕಿ ಪಾಸ್‌ಬುಕ್ಕಿನಲ್ಲಿ ಸಿಗಬಹುದು. ಸಿಕ್ಕರೆ ಇವನ್ನು ತೆಗೆದು ಅವನ್ನೇ ಹಾಕಿ.

ದೃಶ್ಯ ಮೂರು ಸಾಕು. ಗುರುವಾರ ರಾತ್ರಿ ಜಗಲಿಯಲ್ಲಿ ಲೆಕ್ಕ ಹಾಕುವುದು ಸುಮಾರು 700 ಪದ, ಶನಿವಾರ ಬ್ರಾಂಚಿನಲ್ಲಿ ಚೆಕ್ಕಿಂಗ್ 900, ಭಾನುವಾರ ಸಂಜೆ ಮನೆ 600. ಉಳಿದ ಮುನ್ನೂರು ಪದ ನಡುವಿನ ದಾರಿಗೆ. ಬ್ರಾಂಚಿನ ದೃಶ್ಯಕ್ಕೆ ಹೆಚ್ಚು ಜಾಗ ಕೊಟ್ಟದ್ದು ಏಕೆಂದರೆ ಮನೆಯ ಒಳಗಿನದ್ದು ಹೊರಗಿನವರ ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ. ಅಮ್ಮನ ಒಂದು ವಾರದ ಬದುಕಿಗೆ ಒಬ್ಬ ಮನುಷ್ಯ ಬೆರಳಲ್ಲಿ ಮಾರ್ಕು ಕೊಡುವ ಜಾಗ ಅದು.

ಈಗ ಬರವಣಿಗೆಯನ್ನೇ ಹತ್ತಿರದಿಂದ ನೋಡೋಣ. ಇಂಥ ಕರಡುಗಳಲ್ಲಿ ಸಾಮಾನ್ಯವಾಗಿ ಬರುವ ಪ್ಯಾರಾ ಇದು:

‘ಅಮ್ಮ ಹಗಲು ರಾತ್ರಿಯೆನ್ನದೆ ಕಷ್ಟಪಟ್ಟು ಬೀಡಿ ಕಟ್ಟಿ ನಮ್ಮನ್ನು ಸಾಕಿದಳು. ತಾನು ಹಸಿದಿದ್ದರೂ ನಮ್ಮ ಹೊಟ್ಟೆ ತುಂಬಿಸಿದಳು. ಆ ಮಹಾತಾಯಿಯ ತ್ಯಾಗಕ್ಕೆ ಬೆಲೆ ಕಟ್ಟಲು ಸಾಧ್ಯವೇ?’

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಅಮ್ಮ ಎಲ್ಲಿ ಕೂತಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದೇ ಕಾಣುವುದಿಲ್ಲ. ಹೆಸರು ಬದಲಿಸಿದರೆ ಯಾರ ಅಮ್ಮನಿಗೂ ಹೊಂದುತ್ತದೆ. ಕೊನೆಯ ಪ್ರಶ್ನೆ ಓದುಗರಿಗೆ ‘ಈಗ ಅಳಿ’ ಎಂದು ಸನ್ನೆ ಮಾಡುತ್ತದೆ. ನಿಮ್ಮ ಗೆಳತಿಯರು ಅತ್ತದ್ದು ನಿಮ್ಮನ್ನು ಬಲ್ಲವರಾದ್ದರಿಂದ. ಸಂಪಾದಕರಿಗೆ ನೀವು ಗೊತ್ತಿಲ್ಲ. ಅದೇ ವಿಷಯ ಬ್ರಾಂಚಿನ ದೃಶ್ಯದಲ್ಲಿ ಹೀಗೆ ಬರಬಹುದು:

‘ಚೆಕ್ಕಿಂಗಿನವರು ಕಟ್ಟನ್ನು ಅಂಗೈ ಮೇಲೆ ಕುಟ್ಟಿ, ಬಾಯಿ ಮೇಲಾಗಿ ಹಿಡಿದು, ಒಂದೊಂದೇ ಎಳೆದು ಹದಿನೇಳು ಬೀಡಿ ಬೇರೆ ಇಟ್ಟರು. ಹದಿನೇಳೂ ನನ್ನವು. ನಾನು ಬಾಯಿ ಮಡಚುವಾಗ ಎಲೆಯನ್ನು ಎಡಕ್ಕೆ ಎಳೆಯುತ್ತಿದ್ದೆ, ಅದು ಅಮ್ಮನಿಗೂ ಗೊತ್ತಿತ್ತು. ಅವಳು ಏನೂ ಹೇಳಲಿಲ್ಲ. ದಾರಿಯಲ್ಲಿ ಅಂಗಡಿಯ ಎದುರು ಯಾವತ್ತಿನಂತೆ ನಿಲ್ಲಲೂ ಇಲ್ಲ. ಮನೆಗೆ ಬಂದು ಕೈಕಾಲು ತೊಳೆದವಳು ನನ್ನ ತೊಡೆಯ ಮೇಲಿಂದ ತಡ್ಪೆ ಎತ್ತಿಕೊಂಡು, ನೀನು ಓದು ಹೋಗು ಅಂದಳು. ಅಕ್ಕನ ತೊಡೆಯ ಮೇಲೂ ಒಂದು ತಡ್ಪೆ ಇತ್ತು. ಅದನ್ನು ಎತ್ತಲಿಲ್ಲ.’

ಎರಡನೆಯದರಲ್ಲಿ ಅಮ್ಮನ ಪ್ರೀತಿ ಇದೆ, ಅನ್ಯಾಯವೂ ಇದೆ, ಎರಡೂ ಒಂದೇ ಕೈಯ ಚಲನೆಯಲ್ಲಿವೆ. ನಿರೂಪಕಿಗೆ ಸಿಕ್ಕ ಬಿಡುಗಡೆ ಅವಳ ಕೆಟ್ಟ ಕೆಲಸದಿಂದ ಸಿಕ್ಕಿತು. ಅಕ್ಕ ಸಿಕ್ಕಿಬಿದ್ದದ್ದು ಚೆನ್ನಾಗಿ ಕಟ್ಟುತ್ತಿದ್ದುದರಿಂದ. ಇದನ್ನು ವಿವರಿಸುವ ಮುಂದಿನ ವಾಕ್ಯ ಬರೆಯಬೇಕು ಅನ್ನಿಸುತ್ತದೆ. ಬರೆಯಬೇಡಿ.

ಕಥೆ ಹೇಳುವವಳ ವಯಸ್ಸನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ಹತ್ತು ವರ್ಷದ ಹುಡುಗಿ ಹೇಳುವುದಾದರೆ ಅವಳಿಗೆ ಸೊಸೈಟಿಯ ಬಡ್ಡಿದರ ಗೊತ್ತಿರುವುದಿಲ್ಲ. ಅಮ್ಮನ ಕುತ್ತಿಗೆಯಲ್ಲಿ ಸರದ ಬದಲು ಕರಿಮಣಿಯ ದಾರ ಬಂದದ್ದು ಗೊತ್ತಿರುತ್ತದೆ. ಅವಳ ಬಾಯಲ್ಲಿ ‘ಪಿತೃಪ್ರಧಾನ ವ್ಯವಸ್ಥೆ’ ಬಂದರೆ ಕಥೆ ಅಲ್ಲೇ ಕುಸಿಯುತ್ತದೆ. ದೊಡ್ಡವಳಾದ ಮೇಲೆ ಹಿಂದಿರುಗಿ ನೋಡುವ ದನಿ ಬೇಕೆಂದರೆ ಅದೂ ಸರಿ, ಆದರೆ ಮೊದಲ ಪುಟದಲ್ಲೇ ಆ ದನಿ ಕೇಳಿಸಬೇಕು, ಮತ್ತು ಅದರ ವ್ಯಾಖ್ಯಾನ ಇಡೀ ಕಥೆಯಲ್ಲಿ ಮೂರು ವಾಕ್ಯ ಮೀರದಿರಲಿ. ಮಗುವಿನ ಕಣ್ಣಿನಲ್ಲಿ ಶುರುವಾಗಿ, ನಡುವೆ ಉಪನ್ಯಾಸಕಿಯಾಗಿ, ಕೊನೆಗೆ ಮತ್ತೆ ಮಗುವಾಗುವ ಕಥೆಗಳೇ ಹೆಚ್ಚು ತಿರಸ್ಕೃತವಾಗುವುದು.

ಭಾಷೆಯ ಒಂದು ತೊಡಕು ನಿಮ್ಮ ಸೀಮೆಗೇ ಸೇರಿದ್ದು. ಮನೆಯಲ್ಲಿ ತುಳು ಮಾತಾಡಿದ್ದೀರಿ ಎಂದುಕೊಳ್ಳುತ್ತೇನೆ, ಬರೆಯುವುದು ಕನ್ನಡದಲ್ಲಿ. ತುಳುವಿನಲ್ಲಿ ತಾಯಿ ‘ಅಪ್ಪೆ’, ತಂದೆ ‘ಅಮ್ಮೆ’. ಹಾಗೇ ಬರೆದರೆ ಘಟ್ಟದ ಮೇಲಿನ ಓದುಗರು ತಾಯಿಯನ್ನು ತಂದೆಯೆಂದೂ ತಂದೆಯನ್ನು ತಾಯಿಯೆಂದೂ ಓದಿಕೊಂಡು ಎರಡು ಪುಟ ದಾಟಿರುತ್ತಾರೆ. ಅಮ್ಮ, ಅಪ್ಪ ಎಂದೇ ಇಡಿ. ತಡ್ಪೆಯಂಥ ಐದಾರು ಪದ ಮಾತ್ರ ಹಾಗೇ ಉಳಿಸಿ, ಅರ್ಥವನ್ನು ಆವರಣದಲ್ಲಿ ಹಾಕಬೇಡಿ. ತೊಡೆಯ ಮೇಲಿಟ್ಟು ಎಲೆ, ಹೊಗೆಸೊಪ್ಪು ಹರಡುವ ಮೊರದಂಥದ್ದು ಎಂದು ಕೆಲಸದಿಂದಲೇ ತಿಳಿಯುವಂತೆ ಬರೆಯಿರಿ. ಸಂಭಾಷಣೆ ನಿಮ್ಮ ಕಡೆಯ ಕನ್ನಡದ ಧಾಟಿಯಲ್ಲೇ ಇರಲಿ. ಅಮ್ಮ ಪಠ್ಯಪುಸ್ತಕದ ಕನ್ನಡ ಮಾತಾಡಿದರೆ ಅಪರಿಚಿತಳಾಗುತ್ತಾಳೆ.

ಕಾಲದ ವಿವರಗಳಲ್ಲಿ ಎಡವಬೇಡಿ, ಒಂದು ತಪ್ಪಿಗೆ ಇಡೀ ಕಥೆಯ ನಂಬಿಕೆ ಹೋಗುತ್ತದೆ. ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. 1995ರಲ್ಲಿ ಅಪ್ಪನನ್ನು ಕರಾವಳಿ ಹಿಡಿದು ರೈಲಿನಲ್ಲಿ ಇಳಿಸಿದರೆ ತಪ್ಪು. ಆಗ ಬೊಂಬಾಯಿಯ ಬಸ್ಸಿಗೆ ಕಾಯಬೇಕಿತ್ತು. ಐನೂರರ ನೋಟು ಆಗಲೇ ಇತ್ತು, 1987ರಲ್ಲಿ ಬಂದಿತ್ತು. ಸಾವಿರದ ನೋಟು ಬಂದದ್ದು 2000ದಲ್ಲಿ. ನಾಲ್ಕಾಣೆ ಚಲಾವಣೆಯಿಂದ ಹೋದದ್ದು 2011ರಲ್ಲಿ, ಹಾಗಾಗಿ ಅಂಗಡಿಯ ಲೆಕ್ಕದಲ್ಲಿ ಅದು ಬರಲಿ. ಬೀಡಿ ಕಾರ್ಮಿಕರಿಗೆ 1966ರ ಕಾಯ್ದೆ ಇತ್ತು, 1976ರ ಕಲ್ಯಾಣನಿಧಿ ಕಾಯ್ದೆಯೂ ಇತ್ತು. ಆ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತಿತ್ತು. ನಿಮ್ಮ ಮನೆಗೆ ಅದು ಬಂದಿತ್ತೇ? ಯಾರ ಹೆಸರಿನಲ್ಲಿ? ಅಕ್ಕನ ಹೆಸರಿನಲ್ಲಿ ಅರ್ಜಿಯನ್ನೇ ಹಾಕಿರದಿದ್ದರೆ ಅದೂ ಒಂದು ತೀರ್ಮಾನ.

ಎರಡನೆಯ ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಈ ಪದಗಳ ಕೆಳಗೆ ಗೆರೆ ಎಳೆಯಿರಿ: ಕಷ್ಟ, ಕಣ್ಣೀರು, ತ್ಯಾಗ, ಪಾಪ, ಅಸಹಾಯಕ, ಛಲ, ದೇವರಂಥ. ಇಡೀ ಕಥೆಯಲ್ಲಿ ಎರಡು ಮೂರಕ್ಕಿಂತ ಹೆಚ್ಚು ಗೆರೆ ಬಿದ್ದರೆ ಆ ವಾಕ್ಯಗಳನ್ನು ಹೊಡೆದುಹಾಕಿ ಓದಿ. ನೂರಕ್ಕೆ ತೊಂಬತ್ತು ಕಡೆ ಏನೂ ಕಳೆದಿರುವುದಿಲ್ಲ. ಕಳೆದಿದೆ ಅನ್ನಿಸಿದ ಕಡೆ ಮಾತ್ರ ಒಂದು ವಸ್ತುವನ್ನೋ ಕ್ರಿಯೆಯನ್ನೋ ತನ್ನಿ. ಹಾಗೆಯೇ ಸೋರುವ ಮಾಡು, ಚಿಮಣಿ ದೀಪ, ಹರಿದ ಸೆರಗು, ‘ನನಗೆ ಹಸಿವಿಲ್ಲ’ ಎನ್ನುವ ತಾಯಿ. ಇವು ನಿಮ್ಮ ಮನೆಯಲ್ಲಿ ನಿಜವಾಗಿ ಇದ್ದಿರಬಹುದು, ಆದರೆ ಓದುಗರು ನೂರು ಕಡೆ ನೋಡಿದ್ದಾರೆ, ಕಣ್ಣು ಜಾರಿಹೋಗುತ್ತದೆ. ನಿಮ್ಮ ಮನೆಯಲ್ಲಿ ಮಾತ್ರ ಇದ್ದದ್ದು ಬೇಕು. ಎಷ್ಟು ತೊಳೆದರೂ ಗಂಜಿಯ ಮೊದಲ ತುತ್ತಿಗೆ ಅಂಟುತ್ತಿದ್ದ ಹೊಗೆಸೊಪ್ಪಿನ ಕಹಿ, ನೋಟುಬುಕ್ಕಿನ ಹಾಳೆಗಳ ನಡುವೆ ಉಳಿದ ಪುಡಿ, ಅದನ್ನು ಕೊಡವಿದಾಗ ಪಕ್ಕದ ಹುಡುಗಿ ಸೀನಿದ್ದು. ಇಂಥದ್ದು ಒಂದು ದೃಶ್ಯಕ್ಕೆ ಒಂದು ಸಾಕು. ನಾಲ್ಕು ಹಾಕಿದರೆ ವಸ್ತುಪ್ರದರ್ಶನವಾಗುತ್ತದೆ.

ನಗುವನ್ನು ಮರೆಯಬೇಡಿ. ಬೀಡಿ ಕಟ್ಟುವ ಹೆಂಗಸರು ಜಗಲಿಯಲ್ಲಿ ಒಟ್ಟಿಗೆ ಕೂತರೆ ಊರಿನ ಸುದ್ದಿ, ರೇಡಿಯೋದ ಹಾಡು, ಗಂಡಂದಿರ ಅಣಕ, ಯಾರು ಬೇಗ ಕಟ್ಟುತ್ತಾರೆ ಎಂಬ ಪಂದ್ಯ ಎಲ್ಲ ಇರುತ್ತದೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಹಸಿದ ಮನೆಯವರೆಲ್ಲ ಒಟ್ಟಿಗೆ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ರಾತ್ರಿ ಇದೆ. ಹಸಿವು ಎಷ್ಟೆಂಬುದು ಆ ಸಡಗರದಿಂದಲೇ ತಿಳಿಯುತ್ತದೆ. ನಿಮ್ಮ ಅಮ್ಮ ಯಾವುದಕ್ಕೆ ಬಿದ್ದುಬಿದ್ದು ನಗುತ್ತಿದ್ದರು ಎಂದು ನೆನಪಾಗದಿದ್ದರೆ ಅಕ್ಕನನ್ನು ಕೇಳಿ. ಜಗಲಿಯಲ್ಲಿ ಹೆಚ್ಚು ಹೊತ್ತು ಅಮ್ಮನ ಪಕ್ಕ ಕೂತವಳು ಅವಳು.

ಕೊನೆಯನ್ನು ನೌಕರಿಯ ಪತ್ರದಲ್ಲೋ, ಹೊಸ ಮನೆಯ ಗೃಹಪ್ರವೇಶದಲ್ಲೋ, ಅಮ್ಮನಿಗೆ ಕೊಡಿಸಿದ ರೇಷ್ಮೆಸೀರೆಯಲ್ಲೋ ಮುಗಿಸಬೇಡಿ. ಹಾಗೆ ಮುಗಿಸಿದರೆ ಅಲ್ಲಿಯವರೆಗಿನ ನೋವೆಲ್ಲ ಬಡ್ಡಿಸಮೇತ ತೀರಿತು ಎಂದಾಗುತ್ತದೆ, ಅಕ್ಕನ ಲೆಕ್ಕ ಮಾತ್ರ ತೀರಿರುವುದಿಲ್ಲ. ಫೀಸು ಕಟ್ಟಿದ ಸೋಮವಾರದ ಬೆಳಿಗ್ಗೆಗೆ ನಿಲ್ಲಿಸಿ. ಅಣ್ಣ ರಶೀದಿ ತೋರಿಸುತ್ತಿದ್ದಾನೆ, ಅಕ್ಕ ಎಲೆ ನೆನೆಹಾಕುತ್ತಿದ್ದಾಳೆ.

ಅಣ್ಣನ ಮಾತಿಗೆ ಬರುತ್ತೇನೆ. ಅದನ್ನು ಸಣ್ಣದೆಂದು ತಳ್ಳಬೇಡಿ. ಫೀಸಿನ ಲೆಕ್ಕದಲ್ಲಿ ಸಿಕ್ಕಿದ್ದು ಅವರಿಗೆ, ಅದು ಅವರಿಗೂ ಗೊತ್ತಿರಬಹುದು. ‘ಬೀದಿಗೆ ತರಬೇಡ’ ಎಂಬ ಮಾತಿನ ಕೆಳಗೆ ಇರುವುದು ಸಂಕೋಚವೂ ಆಗಿರಬಹುದು. ಒಂದು ಹಾಳೆಯಲ್ಲಿ ಗೆರೆ ಎಳೆದು ಭಾಗ ಮಾಡಿ. ನಿಮಗೆ ಆದದ್ದು, ನೀವು ಕಣ್ಣಾರೆ ಕಂಡದ್ದು ಒಂದು ಕಡೆ; ಇನ್ನೊಬ್ಬರಿಗೆ ಆಗಿ ನಿಮಗೆ ಕೇಳಿ ಗೊತ್ತಾದದ್ದು ಇನ್ನೊಂದು ಕಡೆ. ಮೊದಲನೆಯದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ. ಎರಡನೆಯದರಲ್ಲಿ ಕಾಯಿಲೆ, ಮದುವೆ ಮುರಿದದ್ದು, ಸಾಲಗಾರರ ವಿಷಯ ಇದ್ದರೆ ಸಂಬಂಧಪಟ್ಟವರನ್ನು ಕೇಳದೆ ಮುಟ್ಟಬೇಡಿ.

ಬದಲಿಸುವಾಗ ಜನರನ್ನು ಬದಲಿಸಿ, ಕಸುಬನ್ನು ಬದಲಿಸಬೇಡಿ. ಮೂರು ಮಕ್ಕಳು ನಾಲ್ಕಾಗಲಿ, ಅಣ್ಣ ತಮ್ಮನಾಗಲಿ, ಊರು ಇನ್ನೊಂದು ತಾಲ್ಲೂಕಿಗೆ ಹೋಗಲಿ, ಅಪ್ಪ ಹೋಟೆಲು ಬಿಟ್ಟು ಕ್ಯಾಂಟೀನಿನಲ್ಲಿರಲಿ. ಬೀಡಿಯನ್ನು ಅಗರಬತ್ತಿ ಮಾಡಿದರೆ ಮಾತ್ರ ಮೇಲೆ ಹೇಳಿದ ವಿವರವೆಲ್ಲ ಒಣಗಿಹೋಗುತ್ತದೆ. ಹೆಸರು ಮಾತ್ರ ಬದಲಿಸಿ ಉಳಿದದ್ದೆಲ್ಲ ಹಾಗೇ ಇಟ್ಟರೆ ಊರಿನವರಿಗೆ ಅರ್ಧ ಪುಟದಲ್ಲಿ ಗೊತ್ತಾಗುತ್ತದೆ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂದು ಅಡಿಯಲ್ಲಿ ಹಾಕಿದರೆ ಕಾನೂನಿನಿಂದ ಪೂರ್ತಿ ರಕ್ಷಣೆ ಸಿಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಮಾನನಷ್ಟದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ. ಗುರುತು ಹಿಡಿಯುವಂತಿದ್ದರೆ ಹೆಸರು ಬದಲಿಸಿದ್ದೂ ಉಪಯೋಗಕ್ಕೆ ಬರದಿರಬಹುದು. ಆ ಸೆಕ್ಷನ್ನಿನಲ್ಲಿ ‘ನಿಜವನ್ನೇ ಬರೆದೆ’ ಎಂದರೆ ಸಾಲದು, ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕಾಗುತ್ತದೆ. ಬಡ್ಡಿಗೆ ಕೊಟ್ಟವರು, ಬ್ರಾಂಚಿನವರು, ಅಪ್ಪನ ಬೊಂಬಾಯಿಯ ಬದುಕಿಗೆ ಸೇರಿದವರು, ಈ ಮೂವರ ಬಗ್ಗೆ ವಿಶೇಷ ಎಚ್ಚರ ಇರಲಿ.

ಬರೆಯುತ್ತಿರುವಾಗ ನಿದ್ದೆ ಕೆಟ್ಟರೆ, ಹಗಲಲ್ಲೂ ಆ ದಿನಗಳೇ ಕಣ್ಣಿಗೆ ಕಟ್ಟಿದರೆ ಒಂದು ವಾರ ನಿಲ್ಲಿಸಿ, ವಸ್ತುಗಳ ಪಟ್ಟಿಗೆ ಮಾತ್ರ ಹಿಂದಿರುಗಿ. ಆಗಲೂ ಹಗುರಾಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕಥೆ ಕಾಯುತ್ತದೆ.

ಕರಡು ಮುಗಿದಾಗ ಮೊದಲು ಅಣ್ಣನಿಗೆ ಕೊಡಬೇಡಿ, ಪತ್ರಿಕೆಗೂ ಕಳಿಸಬೇಡಿ. ಅಕ್ಕನ ಹತ್ತಿರ ಹೋಗಿ. ಅವರಿಗೆ ಓದುವ ರೂಢಿ ತಪ್ಪಿದ್ದರೆ ನೀವೇ ಓದಿ ಹೇಳಿ, ಒಂದೇ ಕೂರಿಕೆಯಲ್ಲಿ, ನಡುವೆ ಸಮಜಾಯಿಷಿ ಕೊಡದೆ. ‘ಇದು ಹೀಗಾಗಲಿಲ್ಲ’ ಎಂದು ಅವರು ತಿದ್ದಿದರೆ ಬರೆದುಕೊಳ್ಳಿ. ‘ಇದು ಬೇಡ’ ಎಂದರೆ ತೆಗೆಯಿರಿ, ಎಷ್ಟೇ ಒಳ್ಳೆಯ ಭಾಗವಾದರೂ. ಅದಕ್ಕೂ ಮೊದಲು, ಬರೆಯಲು ಕೂರುವ ಮುಂಚೆಯೇ, ಅವರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ. ಆಗೆಲ್ಲ ಹಳೆಯ ಪಠ್ಯಪುಸ್ತಕ ಅರ್ಧ ಬೆಲೆಗೆ ಕೈ ಬದಲಾಗುತ್ತಿತ್ತು. ಆ ವರ್ಷ ನಿನ್ನ ಎಂಟನೆಯ ಪುಸ್ತಕಗಳನ್ನು ಏನು ಮಾಡಿದರು ಅಕ್ಕ, ಯಾರಿಗೆ ಕೊಟ್ಟರು?